ಬೆರಳೊಂದೇ ಸಾಕೇ?

ಮಕ್ಕಳೇ, ಮನೆಯಲ್ಲಿ ಜಮೀನಿನ ಪಹಣಿ ಇದ್ದರೆ ಒಮ್ಮೆ ಕೇಳಿ ನೋಡಿ. ಹಿಂದೆ ಅದನ್ನು ಗ್ರಾಮ ಲೆಕ್ಕಿಗರು ಕೈಯಲ್ಲೇ ಬರೆದು ಕೊಡುತ್ತಿದ್ದರು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು ಪಹಣಿಗಳು ತಾಲ್ಲೂಕು ಕಚೇರಿಯ ಗಣಕಯಂತ್ರ ಸೇರಿದವು. ನಮ್ಮ ಮಂಡಿಕಲ್ ಕಡೆಯವರ ಪಹಣಿ ಚಿಕ್ಕಬಳ್ಳಾಪುರದ ಗಣಕಕ್ಕೆ ಹೋಯಿತು.

ಗಣಕದಲ್ಲಿ ಒಬ್ಬರ ಹೆಸರು ತೆಗೆದು ಇನ್ನೊಬ್ಬರದನ್ನು ಸೇರಿಸುವುದು ಕ್ಷಣದ ಕೆಲಸ. ಹಾಗಾಗಿ ‘ಭೂಮಿ’ಯಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಕೆಲಸ ಆರಂಭಿಸಬೇಕೆಂಬ ಏರ್ಪಾಡು ಮಾಡಿದರು. ಪಾಸ್‌ವರ್ಡ್ ಎಂದರೆ ಗುಪ್ತಪದ. ಅದನ್ನು ಚೀಟಿಯಲ್ಲಿ ಬರೆದಿಡಬಹುದು, ಪಕ್ಕದ ಮೇಜಿನವರಿಗೆ ಹೇಳಬಹುದು, ತಪ್ಪಾದಾಗ ‘ಮಾಡಿದ್ದು ನಾನಲ್ಲ’ ಎನ್ನಬಹುದು. ಬೆರಳನ್ನು ಹಾಗೆ ಸಾಲ ಕೊಡಲಾಗದು! ಬೆರಳ ತುದಿಯ ಗೆರೆಗಳು ಎಲ್ಲಿ ನಿಲ್ಲುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬುದನ್ನು ಯಂತ್ರ ಅಂಕಿಗಳಾಗಿ ಇಟ್ಟುಕೊಂಡು ಹೋಲಿಸುತ್ತದೆ. ಇದು ಒಳ್ಳೆಯ ಏರ್ಪಾಡೇ.

ಆದರೆ ಎಲ್ಲ ಕಚೇರಿಗಳಲ್ಲೂ ಗುಪ್ತಪದವನ್ನು ಪೂರ್ತಿ ಕೈಬಿಟ್ಟು ಬೆರಳನ್ನೇ ನಂಬಬೇಕೆಂಬ ಮಾತನ್ನು ನಾನು ಒಪ್ಪಲಾರೆ. 2002ರಲ್ಲಿ ಜಪಾನಿನ ವಿಜ್ಞಾನಿ ತ್ಸುತೊಮು ಮತ್ಸುಮೊಟೊ ಮತ್ತು ಸಂಗಡಿಗರು ಮಿಠಾಯಿಗೆ ಬಳಸುವ ಜೆಲಾಟಿನ್‌ನಿಂದ ನಕಲಿ ಬೆರಳು ಮಾಡಿ ಹಲವು ಯಂತ್ರಗಳನ್ನು ಏಮಾರಿಸಿ ತೋರಿಸಿದರು. ಗಾಜಿನ ಮೇಲೆ ಉಳಿದ ಗುರುತಿನಿಂದಲೂ ಅಂಥ ಬೆರಳು ತಯಾರಾಯಿತು. ಗುಪ್ತಪದ ಕಳುವಾದರೆ ನಾಳೆಯೇ ಹೊಸದು ಇಡಬಹುದು. ಬೆರಳಿಗೆ ಏನು ಮಾಡುವುದು? ಇರುವುದೇ ಹತ್ತು.

ಇನ್ನೊಂದು ಮಾತು. ಶಿಡ್ಲಘಟ್ಟದಲ್ಲಿ ದಿನವಿಡೀ ಬಿಸಿನೀರಿನಲ್ಲಿ ಕೈಯಾಡಿಸಿ ರೇಷ್ಮೆ ನೂಲು ತೆಗೆಯುವವರ ಬೆರಳು ನೋಡಿದ್ದೀರಾ? ಚರ್ಮ ಸವೆದ ಬೆರಳಿನ ಗೆರೆ ಯಂತ್ರಕ್ಕೆ ಸಿಗುವುದು ಕಷ್ಟ. ಆದ್ದರಿಂದ ಜಮೀನು, ಹಣದಂಥ ವ್ಯವಹಾರದ ಗಣಕಗಳಿಗೆ ಬೆರಳೂ ಇರಲಿ, ಗುಪ್ತಪದವೂ ಇರಲಿ. ಗೆರೆ ಸವೆದವರಿಗೆ ಬೇರೊಂದು ದಾರಿಯನ್ನು ಮೊದಲೇ ಇಟ್ಟಿರಲಿ.