ಹಿಡಿಯುವವನನ್ನು ಅಳೆಯುವುದು ಹೇಗೆ?

2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ತಂಡ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದಿತು. ಗುಜರಾತ್ ವಿರುದ್ಧದ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ದಾಳಿಯಿಂದಲೇ 22 ಅಂಕ ತಂದದ್ದು ಹಲವರಿಗೆ ನೆನಪಿದೆ. ಆ ದಿನ ಎದುರಾಳಿಗಳನ್ನು ಹಿಡಿದವರು ಯಾರು ಎಂದು ಕೇಳಿದರೆ ಮಾತ್ರ ಉತ್ತರ ಬೇಗ ಬರುವುದಿಲ್ಲ. ಪಂದ್ಯ ಮುಗಿದದ್ದು 38–33ರಲ್ಲಿ. ಕೆಲವು ಹಿಡಿತ ತಪ್ಪಿದ್ದರೆ ಫಲಿತಾಂಶವೇ ಬೇರೆಯಾಗುತ್ತಿತ್ತು.

ಐಹೊಳೆ, ಅಮೀನಗಡ, ಹುನಗುಂದದ ಕಡೆ ಊರಿಗೊಬ್ಬ ಗಟ್ಟಿ ಹುಡುಗ ಇದ್ದೇ ಇರುತ್ತಾನೆ. ಕಾಲೇಜು ತಂಡದಲ್ಲಿ ಕಾರ್ನರ್‌ಗೆ ನಿಲ್ಲುತ್ತಾನೆ. ಜಾತ್ರೆಯ ಹೊನಲು ಬೆಳಕಿನ ಪಂದ್ಯದಲ್ಲಿ ಕೈಗೆ ಸಿಕ್ಕವರನ್ನು ಬಿಡುವುದಿಲ್ಲ. ‘ಇಂವ ಪ್ರೊ ಕಬಡ್ಡಿಗೆ ಹೋಗಾಂವ’ ಎಂದು ಕಟ್ಟೆಯ ಮೇಲೆ ತೀರ್ಮಾನವಾಗುತ್ತದೆ. ಡಿಗ್ರಿ ಬಿಡಿಸಿ ತರಬೇತಿಗೆ ಕಳಿಸಬೇಕೇ ಎಂಬ ಪ್ರಶ್ನೆ ಅಲ್ಲಿಂದ ಮನೆಗೆ ಬರುತ್ತದೆ. ಉತ್ತರಿಸುವ ಮೊದಲು ಹುಡುಗನನ್ನು ಅಳೆಯಬೇಕು. ಅದಕ್ಕೆ ತೋಳಿನ ಸುತ್ತಳತೆಯೊಂದೇ ಸಾಲದು.

ಮೊದಲನೆಯದು ಲೆಕ್ಕ. ಒಬ್ಬ ಆಟಗಾರ 20 ಸಲ ಹಿಡಿಯಲು ಹೋಗಿ 8 ಸಲ ಗೆದ್ದನೆನ್ನೋಣ. ಇನ್ನೊಬ್ಬ 10 ಸಲ ಹೋಗಿ 6 ಸಲ ಗೆದ್ದ. ಚಪ್ಪಾಳೆ ಮೊದಲನೆಯವನಿಗೆ ಹೆಚ್ಚು. ಆದರೆ ಹಿಡಿತ ತಪ್ಪಿ ರೈಡರ್ ಮಧ್ಯರೇಖೆ ಮುಟ್ಟಿದರೆ, ಅವನನ್ನು ಮುಟ್ಟಿದವರೆಲ್ಲ ಹೊರಗೆ. ತಲಾ ಒಂದು ಅಂಕ ಎದುರಾಳಿಗೆ. ಹಾಗಾಗಿ ಮೊದಲನೆಯವನು 8 ಅಂಕ ಗಳಿಸಿ ಕನಿಷ್ಠ 12 ಕೊಟ್ಟ. ಎರಡನೆಯವನು 6 ಗಳಿಸಿ 4 ಕೊಟ್ಟ. ತಂಡಕ್ಕೆ ಬೇಕಾದವನು ಎರಡನೆಯವನು. ಕೈ ಹಾಕದೆ ಸುಮ್ಮನೆ ಹಿಂದೆ ಸರಿಯುವುದೂ ರಕ್ಷಣಾ ಆಟಗಾರನ ವಿದ್ಯೆಯೇ.

ಎರಡನೆಯದು ಸಮಯ. ಕಣ್ಣಿಗೆ ಕಂಡದ್ದಕ್ಕೆ ಮನುಷ್ಯನ ಕೈ ಸ್ಪಂದಿಸಲು ಸುಮಾರು 0.2 ಸೆಕೆಂಡ್ ಬೇಕು. ಸೆಕೆಂಡಿಗೆ 5 ಮೀಟರ್ ವೇಗದ ರೈಡರ್ ಅಷ್ಟರಲ್ಲಿ ಒಂದು ಮೀಟರ್ ದಾಟಿರುತ್ತಾನೆ. ಆದ್ದರಿಂದ ನೋಡಿ ಹಿಡಿಯುವವನು ತಡವಾಗುತ್ತಾನೆ. ಮೊದಲೇ ಊಹಿಸಿದವನು ಹಿಡಿಯುತ್ತಾನೆ. ರೈಡರ್ ಕೈಕಾಲುಗಳಿಂದ ಮೋಸ ಮಾಡಬಲ್ಲ, ಸೊಂಟದಿಂದ ಮಾಡುವುದು ಕಷ್ಟ. ದೇಹದ ಗುರುತ್ವ ಕೇಂದ್ರ ಇರುವುದು ಅದರ ಹತ್ತಿರವೇ. ಹುಡುಗನ ಕಣ್ಣು ಎದುರಾಳಿಯ ಪಾದದ ಮೇಲಿದೆಯೋ ಸೊಂಟದ ಮೇಲಿದೆಯೋ ಗಮನಿಸಿ.

ಮೂರನೆಯದು ನಿಲುವು. ಮಂಡಿ ಬಾಗಿಸಿ ಕಾಲು ಅಗಲಿಸಿ ನಿಂತವನ ಗುರುತ್ವ ಕೇಂದ್ರ ಕೆಳಗಿರುತ್ತದೆ, ಅವನನ್ನು ಉರುಳಿಸುವುದು ಕಷ್ಟ. ಇದೇ ನಿಯಮವನ್ನು ತಿರುಗಿಸಿದರೆ ಹರಡು ಹಿಡಿತದ ಗುಟ್ಟು ಸಿಗುತ್ತದೆ. ಓಡುವವನ ಒಂದು ಪಾದ ಸಿಕ್ಕಿದರೆ ಅವನ ಆಧಾರ ಕಿರಿದಾಗಿ, ದೇಹ ಮುಂದೆ ಬಾಗಿ ತಾನೇ ಬೀಳುತ್ತದೆ. ಬರೀ ತೂಕದಿಂದ ಇದು ಬರುವುದಿಲ್ಲ. ಪುರುಷರ ಹಿರಿಯ ವಿಭಾಗದಲ್ಲಿ ತೂಕಕ್ಕೆ 85 ಕೆ.ಜಿ.ಯ ಮಿತಿಯೂ ಇದೆ.

ನಾಲ್ಕನೆಯದು ಎದುರಾಳಿಯ ಮಟ್ಟ. ಮಣ್ಣಿನ ಅಂಗಳದಲ್ಲಿ ಗೆದ್ದವನು ಮ್ಯಾಟಿನ ಮೇಲೆ ಬೂಟು ಹಾಕಿ ಆಡಿದಾಗ ಹೇಗೆ? ತನಗಿಂತ ಚುರುಕಾದವರು ಸಿಗುವ ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಹೇಗೆ? ಐಹೊಳೆಯ ಶಿಲ್ಪಿಗಳು ಒಂದೇ ಮಾದರಿಗೆ ಅಂಟಿಕೊಳ್ಳಲಿಲ್ಲ. ಲಾಡಖಾನ್ ಗುಡಿಯ ಕಲ್ಲುಚಪ್ಪಡಿಯ ಚಾವಣಿ, ದುರ್ಗ ಗುಡಿಯ ಗಜಪೃಷ್ಠ, ಹೀಗೆ ಹಲವು ಬಗೆ ಕಟ್ಟಿ ನೋಡಿದರು. ಅದರ ಫಲ ಎಂಟನೆಯ ಶತಮಾನದ ಪಟ್ಟದಕಲ್ಲಿನಲ್ಲಿ ಕಾಣಿಸಿತು. ಕಾಲೇಜು ಕ್ರೀಡೆಯೂ ಅಂಥ ಪ್ರಯೋಗಶಾಲೆ. ಅಲ್ಲಿಯ ಒಂದು ಗೆಲುವು ಕೊನೆಯ ಮಾತಲ್ಲ, ಒಂದು ಸೋಲೂ ಅಲ್ಲ.

ಹಿಡಿಯುವವನಿಗೂ ಬೆಲೆ ಇದೆ ಎಂಬುದು ನಿಜ. 2023ರ ಹರಾಜಿನಲ್ಲಿ ಇರಾನಿನ ಮೊಹಮ್ಮದ್‌ರೇಝಾ ಶಾದ್ಲೂಯಿಗೆ ಪುಣೇರಿ ಪಲ್ಟನ್ 2.35 ಕೋಟಿ ರೂಪಾಯಿ ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಆ ತಂಡ ಪ್ರಶಸ್ತಿ ಗೆದ್ದಾಗ ತರಬೇತುದಾರರಾಗಿದ್ದವರು ಕರ್ನಾಟಕದ ಬಿ.ಸಿ. ರಮೇಶ್. ಅವರು ಆಟಗಾರರಾಗಿ 2001ರಲ್ಲೇ ಅರ್ಜುನ ಪ್ರಶಸ್ತಿ ಪಡೆದಿದ್ದರು. ಮೈಯ ಕಸುವು ಕೆಲವೇ ವರ್ಷದ್ದು. ಆಟದ ತಿಳಿವಳಿಕೆ ಅದಕ್ಕಿಂತ ಹೆಚ್ಚು ಕಾಲ ಅನ್ನ ಕೊಡಬಲ್ಲದು.

ಆದರೆ ಕೋಟಿಯ ಸುದ್ದಿ ಕೇಳಿ ಪಾಲಕರು ಮಗನ ಹೆಸರನ್ನು ಕಾಲೇಜಿನಿಂದ ತೆಗೆಸುವ ಅವಸರ ಮಾಡಬಾರದು. ಮಂಡಿಗೆ ಬಿದ್ದ ಒಂದು ಪೆಟ್ಟು ಆಟವನ್ನೇ ನಿಲ್ಲಿಸಬಹುದು. ಡಿಗ್ರಿಯನ್ನು ಅದು ಕಸಿಯಲಾರದು. ಹಾಗೆಂದು ಆಟ ಬೇಡವೆಂದು ಗದರಿಸುವುದೂ ಸರಿಯಲ್ಲ. ಕಾಲೇಜಿನಲ್ಲಿ ಇದ್ದುಕೊಂಡೇ ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ನಿಲ್ಲಬಹುದು.

ಸದ್ಯಕ್ಕೆ ಒಂದು ನೋಟ್‌ಬುಕ್ ಸಾಕು. ಹತ್ತು ಪಂದ್ಯಗಳಲ್ಲಿ ಹುಡುಗ ಎಷ್ಟು ಸಲ ಕೈ ಹಾಕಿದ, ಎಷ್ಟು ಸಲ ಹಿಡಿದ, ತಪ್ಪಿದಾಗ ಎಷ್ಟು ಅಂಕ ಹೋಯಿತು ಎಂದು ಗೆಳೆಯನೊಬ್ಬ ಬರೆದಿಡಲಿ. ಆ ಪುಟವನ್ನು ಅಪ್ಪ ಮಗ ಒಟ್ಟಿಗೆ ಕುಳಿತು ಓದಲಿ. ಕಟ್ಟೆಯ ತೀರ್ಮಾನಕ್ಕಿಂತ ಅದು ನಂಬಿಕೆಗೆ ಅರ್ಹ.