ಹೆತ್ತವರಿಂದ ಬರುವ ಹೃದಯವ್ಯಾಧಿ

ನಮ್ಮ ಯಡ್ತರೆ, ಬೈಂದೂರು ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಸಂಬಂಧ ನೋಡುವಾಗ ಕುಲ, ಗುಣ, ವಿದ್ಯೆಗಳನ್ನು ವಿಚಾರಿಸುವುದುಂಟು. ಆದರೆ ಮನೆತನದಲ್ಲಿ ಯಾರಾದರೂ ಎಳೆಯ ಪ್ರಾಯದಲ್ಲಿಯೇ ಎದೆನೋವಿನಿಂದ ತೀರಿಕೊಂಡಿದ್ದರೆ ಆ ಮಾತನ್ನು ಮುಚ್ಚಿಡುವುದೂ ಉಂಟು. ಈ ಮೌನವು ಮಕ್ಕಳಿಗೆ ಅಪಾಯಕರವೆಂದು ನಮ್ಮ ಅಭಿಪ್ರಾಯ.

ರಕ್ತದಲ್ಲಿರುವ ಕೊಲೆಸ್ಟರಾಲ್ ಎಂಬ ಮೇಣದಂಥ ಪದಾರ್ಥವನ್ನು ಹೀರಿ ತೆಗೆಯುವ ಕೆಲಸವು ಮುಖ್ಯವಾಗಿ ಯಕೃತ್ತಿನದು. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಈ ಶಕ್ತಿಯು ಹುಟ್ಟಿನಿಂದಲೇ ಕುಂದಿರುತ್ತದೆ. ಇದರ ಕಾರಣವನ್ನು ಶೋಧಿಸಿದ ಅಮೇರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ವೈದ್ಯರಿಗೆ 1985ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ತೆಂಗಿನಕಾಯಿಯನ್ನು ಕಡಮೆಮಾಡಿದ ಮಾತ್ರದಿಂದ ಈ ದೋಷವು ನೀಗದು. ಅಡುಗೆಮಾಡಿದ ತಾಯಿಯನ್ನು ದೂರುವುದೂ ನ್ಯಾಯವಲ್ಲ.

ಹೀಗೆ ರಕ್ತದಲ್ಲಿ ಉಳಿದ ಕೊಬ್ಬು ಧಮನಿಗಳ ಗೋಡೆಯನ್ನು ಹೊಗುತ್ತದೆ. ಅದನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಅಲ್ಲಿಯೇ ನೆರೆದು ಉರಿಯೂತವನ್ನು ಹುಟ್ಟಿಸುತ್ತವೆ. ಹೃದಯದಿಂದ ರಕ್ತವು ಹೊರಡುವ ಬಾಗಿಲಾದ ಕವಾಟದಲ್ಲಿಯೂ ಇದೇ ನಡೆದು, ಕ್ರಮೇಣ ಸುಣ್ಣ ಕಟ್ಟಿ, ದಾರಿಯು ಇಕ್ಕಟ್ಟಾಗಬಹುದು. ಒಮ್ಮೆ ಗಡುಸಾದ ಕವಾಟವನ್ನು ಕೊಬ್ಬಿಳಿಸುವ ಮಾತ್ರೆಗಳು ಮೃದುಮಾಡಲಾರವು. ವ್ಯಾಧಿ ಬಲಿತರೆ ಕವಾಟವನ್ನೇ ಬದಲಿಸಬೇಕಾಗುತ್ತದೆ. ಆದಕಾರಣ ಚಿಕಿತ್ಸೆಯು ಮೊದಲೇ ಆರಂಭವಾಗತಕ್ಕದ್ದು.

ಅಳಿಯಸಂತಾನದ ಕಟ್ಟಿನಲ್ಲಿ ಆಸ್ತಿಯು ತಾಯಿಯ ಕವಲಿನಲ್ಲಿ ಇಳಿಯುತ್ತಿತ್ತು. ಈ ವ್ಯಾಧಿಗಾದರೋ ಅಂಥ ಕಟ್ಟಿಲ್ಲ. ತಂದೆಯಿಂದಲೂ ತಾಯಿಯಿಂದಲೂ, ಗಂಡಿಗೂ ಹೆಣ್ಣಿಗೂ ಒಂದೇ ಸಮನಾಗಿ ಬರುತ್ತದೆ. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿಯೊಂದು ಮಗುವಿಗೂ ಅರ್ಧಕ್ಕರ್ಧ ಸಂಭವವುಂಟು. ರಕ್ತಸಂಬಂಧದಲ್ಲಿ ಮದುವೆಯಾದ ತಂದೆತಾಯಿಗಳಿಬ್ಬರಲ್ಲಿಯೂ ದೋಷವಿರುವ ಸಂಭವ ಹೆಚ್ಚು. ಇಬ್ಬರಿಂದಲೂ ಅದನ್ನು ಪಡೆದ ಮಗುವಿಗೆ ಬಾಲ್ಯದಲ್ಲಿಯೇ ಕವಾಟವೂ ಧಮನಿಗಳೂ ಕೆಡಬಹುದು. ಮೊಣಕೈ, ಮೊಣಕಾಲುಗಳ ಮೇಲೆ ಹಳದಿ ಗಂಟುಗಳು ಕಾಣಿಸಬಹುದು. ಅಂಥ ಗಂಟುಗಳನ್ನು ಬರಿಯ ಚರ್ಮದ ವ್ಯಾಧಿಯೆಂದು ಬಗೆದು ಸುಮ್ಮನಿರಬಾರದು.

ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಾಯಂದಿರೂ ಅತ್ತೆಯರೂ ಆಗಿದ್ದೀರಿ. ಕುಟುಂಬದಲ್ಲಿ ಒಬ್ಬರಿಗೆ ಈ ದೋಷವಿದೆಯೆಂದು ತಿಳಿದುಬಂದರೆ, ಮಕ್ಕಳಿಗೆ 10 ವರುಷ ತುಂಬುವುದರೊಳಗಾಗಿ ರಕ್ತವನ್ನು ಪರೀಕ್ಷೆ ಮಾಡಿಸಿರಿ. ಸ್ಟ್ಯಾಟಿನ್ ಎಂಬ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಬಾಲ್ಯದಿಂದಲೇ ಸೇವಿಸುತ್ತ ಬಂದರೆ ಹೃದಯಾಘಾತದ ಭಯವು ಬಹಳಮಟ್ಟಿಗೆ ತಗ್ಗುತ್ತದೆ. ತಾಯಿಯಾಗಬಯಸುವವರು ಮಾತ್ರ ಔಷಧದ ವಿಷಯವಾಗಿ ಮುಂಚಿತವಾಗಿಯೇ ವೈದ್ಯರನ್ನು ಕಾಣಬೇಕು.

ನಿಜವನ್ನು ತಿಳಿಸಿದರೆ ಸಂಬಂಧವು ತಪ್ಪೀತೆಂದು ಹೆತ್ತವರು ಅಂಜುವುದು ಸಹಜವೇ. ಆದರೂ ಚಿಕಿತ್ಸೆಯುಳ್ಳ ವ್ಯಾಧಿಯನ್ನು ಬಚ್ಚಿಟ್ಟು ಹುಟ್ಟಲಿರುವ ಮಕ್ಕಳನ್ನು ಅಪಾಯಕ್ಕೊಡ್ಡುವುದಕ್ಕಿಂತ, ಎರಡು ಮನೆಯವರೂ ತಿಳಿದು ನಡೆಯುವುದೇ ಲೇಸೆಂದು ನಾವು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇವೆ.