ನಮ್ಮ ತೊಗಲು, ಅವರ ಆಟ

2021ರ ಮಳೆಗಾಲದ ಒಂದು ಚಿತ್ರ ನಿಮಗೆಲ್ಲ ನೆನಪಿರಬಹುದು. ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯ ಬಳ್ಳಕದಲ್ಲಿ ನೆಟ್‌ವರ್ಕ್ ಸಿಗುತ್ತದೆಂದು ರಸ್ತೆ ಬದಿ ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿರುವ ಮಗಳು, ಅವಳ ತಲೆ ಮೇಲೆ ಕೊಡೆ ಹಿಡಿದು ನಿಂತ ಅಪ್ಪ. ದೇಶವೆಲ್ಲ ಅದನ್ನು ನೋಡಿ ಕಣ್ಣೊರೆಸಿಕೊಂಡಿತು. ನಮ್ಮ ಪ್ರಶ್ನೆ ಬೇರೆ. ಪುತ್ತೂರು, ಸುಳ್ಯ, ಕಡಬದ ನಮ್ಮ ಕಾಲನಿಗಳಲ್ಲಿ ಬೀಡಿ ಕಟ್ಟಿದ ದುಡ್ಡಿನಲ್ಲಿ, ಸಂಘದ ಸಾಲದಲ್ಲಿ ಪಾಠಕ್ಕೆಂದು ತಂದ ಮೊಬೈಲುಗಳು ಶಾಲೆ ಬಾಗಿಲು ತೆರೆದ ಮೇಲೆ ಏನಾದವು? ಪಾಠ ಹೋಯಿತು, ಆಟ ಉಳಿಯಿತು.

ಆಟದ ಮೇಲೆ ನಮಗೆ ಸಿಟ್ಟಿಲ್ಲ, ಮಾರಾಯ್ರೆ. ಹುಡುಗರು ಆಡಬೇಕು. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳುತ್ತೇವೆ. ನಾಲ್ವರು ಸೇರಿ ಆಡುವ ಆ ಗುಂಡಿನಾಟದಲ್ಲಿ ನಮ್ಮ ಹುಡುಗನ ಜೊತೆ ಬಿಹಾರದವನೊಬ್ಬ, ಮಂಗಳೂರಿನವನೊಬ್ಬ ಇರುತ್ತಾನೆ. ಅಲ್ಲಿ ಅವನ ಕೇರಿ ಯಾವುದು ಅಂತ ಯಾರೂ ಕೇಳುವುದಿಲ್ಲ. ಊರ ಜಾತ್ರೆಯಲ್ಲಿ ಕೇಳ್ತಾರೆ. ಇದು ಸಣ್ಣ ಮಾತಲ್ಲ. ಮೊಬೈಲು ಕಿತ್ತುಕೊಂಡು ಬೈಯುವ ಮೇಷ್ಟರುಗಳು ಇದನ್ನೊಂದಿಷ್ಟು ಯೋಚಿಸಲಿ.

ನಮ್ಮ ಸಿಟ್ಟು ಆಟದ ಧಣಿಗಳ ಮೇಲೆ. ಆಟ ಪುಕ್ಕಟೆ ಅನ್ನುತ್ತಾರೆ. ಹಾಗಾದರೆ ಕೋಟಿಗಟ್ಟಲೆ ಲಾಭ ಎಲ್ಲಿಂದ? ಅವರ ಲೆಕ್ಕ ಹೀಗುಂಟು: ಮೊದಲ ದಿನ ಬಂದವನು ಮರುದಿನ ಬಂದನೇ, ಏಳನೇ ದಿನ ಬಂದನೇ, ಮೂವತ್ತನೇ ದಿನ ಬಂದನೇ. ಹೀಗೆ ತಲೆ ಎಣಿಸ್ತಾರೆ. ಬರದಿದ್ದರೆ ಬರಿಸಲಿಕ್ಕೆ ದಿನಕ್ಕೊಂದು ಪುಡಿ ಬಹುಮಾನ. ಒಂದು ದಿನ ತಪ್ಪಿಸಿದರೆ ಸಾಲು ಮುರಿಯಿತು ಅಂತ ಹೆದರಿಕೆ. ಆಡುವವರಲ್ಲಿ ಹೆಚ್ಚಿನವರು ಒಂದು ಪೈಸೆ ಕೊಡುವುದಿಲ್ಲ. ಕೊಡುವವರು ಬೆರಳೆಣಿಕೆ ಮಂದಿ, ಅವರಲ್ಲೂ ಬಹಳ ಸುರಿಯುವವರಿಗೆ ಆ ದಂಧೆಯ ಭಾಷೆಯಲ್ಲಿ ತಿಮಿಂಗಿಲ ಅಂತ ಹೆಸರು. ತಿಮಿಂಗಿಲಕ್ಕೆ ಗೆಲ್ಲಲು ಎದುರಾಳಿ ಬೇಕು, ಮೆರೆಯಲು ನೋಡುವ ಜನ ಬೇಕು. ಆ ಜನ ನಾವು. ದುಡ್ಡು ಕೊಡದ ನಮ್ಮ ಹುಡುಗ ಗಿರಾಕಿಯಲ್ಲ, ಸರಕು.

ಈ ಆಟ ನಮಗೆ ಹೊಸದೇ? ಕರಾವಳಿಯ ಕಂಬಳದಲ್ಲಿ ಹಿಂದೆ ಕೊರಗರನ್ನು ಇಡೀ ರಾತ್ರಿ ಇಬ್ಬನಿಯಲ್ಲಿ ಕೂರಿಸಿ ಡೋಲು ಬಡಿಸುತ್ತಿದ್ದರು. ಕೋಣಗಳ ಕಾಲಿಗೆ ಮುಳ್ಳು, ಗಾಜು ತಾಗೀತೆಂದು ಮೊದಲು ಕೆಸರಿನಲ್ಲಿ ಅವರನ್ನು ಓಡಿಸುತ್ತಿದ್ದರು. ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಬರಲಿಕ್ಕೆ 2000ದವರೆಗೆ ಕಾಯಬೇಕಾಯಿತು. ಓಡಿದವನಿಗೆ ಪದಕವಿಲ್ಲ, ಅವನು ಓಡದೆ ಕಂಬಳವೂ ಇಲ್ಲ. ಪುಕ್ಕಟೆ ಆಟಗಾರನೆಂದರೆ ಇದೇ. ನೋವು ಅಷ್ಟೇ ಅಂತ ಹೇಳುತ್ತಿಲ್ಲ, ಲೆಕ್ಕ ಅದೇ ಅಂತ ಹೇಳುತ್ತಿದ್ದೇವೆ.

ಇನ್ನು ಅಂಗಡಿಯಲ್ಲಿ ಮಾರುವುದೇನು? ಸ್ಕಿನ್. ತೊಗಲು! ಆಟದ ಗೊಂಬೆಗೆ ಬೇರೆ ವೇಷ, ಬಂದೂಕಿಗೆ ಬೇರೆ ಬಣ್ಣ. ಸತ್ತ ದನದ ತೊಗಲು ಸುಲಿದದ್ದಕ್ಕೆ ನಮ್ಮ ಅಜ್ಜಂದಿರನ್ನು ಅಂಗಳದಾಚೆ ನಿಲ್ಲಿಸಿದ ದೇಶ ಇದು. ಈಗ ಇಲ್ಲದ ತೊಗಲನ್ನು ನೂರು, ಸಾವಿರ ರೂಪಾಯಿಗೆ ಮಾರುವವನು ಉದ್ಯಮಿ. ಅದೂ ನೇರ ಬೆಲೆಗಲ್ಲ. ರೂಪಾಯಿಯನ್ನು ಮೊದಲು ವಜ್ರ ಮಾಡ್ತಾರೆ, ಎಸ್ಟೇಟಿನ ಚೀಟಿಯ ಹಾಗೆ. ಎಷ್ಟು ಖರ್ಚಾಯಿತು ಅಂತ ಗೊತ್ತಾಗಬಾರದಲ್ಲ. ಆಮೇಲೆ ಒಂದು ಮುಚ್ಚಿದ ಪೆಟ್ಟಿಗೆ. ದುಡ್ಡು ಕೊಟ್ಟು ತೆರೆ, ಬಂದದ್ದು ನಿನ್ನ ಅದೃಷ್ಟ. ನಮ್ಮ ಪರಿಚಯದ ಮನೆಯೊಂದರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ ಅಮ್ಮನ ಒಂದು ವಾರದ ಬೀಡಿ ಮಜೂರಿಯನ್ನು ಒಂದು ಸಂಜೆ ಹೀಗೆ ತೆರೆದು ಮುಗಿಸಿದ. ಅಮ್ಮ ಹೊಡೆಯಲಿಲ್ಲ. "ಎಂತ ಸಿಕ್ಕಿತು, ತೋರ್ಸು" ಅಂದಳು. ಅವನು ತೋರಿಸಿದ. ಅವಳಿಗೆ ಅದು ಏನೆಂದೇ ಅರ್ಥವಾಗಲಿಲ್ಲ.

ಕೊಂಡದ್ದಾದರೂ ನಮ್ಮದೇ? ಅಲ್ಲ. ಈ ಜಿಲ್ಲೆಯಲ್ಲಿ ಚಾಲಗೇಣಿ ಅಂದರೇನೆಂದು ಹಿರಿಯರನ್ನು ಕೇಳಿ. ಧಣಿ ಏಳು ಅಂದ ದಿನ ಏಳಬೇಕು. 2020ರ ಸೆಪ್ಟೆಂಬರಿನಲ್ಲಿ ಪಬ್ಜಿಗೆ ಸರಕಾರ ನಿಷೇಧ ಹಾಕಿತು. 2021ರಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಲ್ಲಿ ಬಂತು, 2022ರಲ್ಲಿ ಮತ್ತೆ ಅಂಗಡಿಯಿಂದ ಮಾಯವಾಯಿತು, 2023ರಲ್ಲಿ ತಿರುಗಿ ಬಂತು. ಒಮ್ಮೆಯಾದರೂ ಆಡುವವನನ್ನು ಕೇಳಿದರೇ? ಉಳುವವನಿಗೆ ಭೂಮಿ ಅಂತ 1974ರಲ್ಲಿ ಕಾನೂನಾಯಿತು. ಆಡುವವನಿಗೆ ಏನೂ ಆಗಿಲ್ಲ.

ಕಾನೂನಿನ ಮಾತು ಬಂದದ್ದರಿಂದ ಹೇಳುತ್ತೇವೆ. ನಮ್ಮ ಗುಡ್ಡದಲ್ಲಿ ಕೋಳಿ ಅಂಕವಾದರೆ ಪೊಲೀಸ್ ಜೀಪು ಬರುತ್ತದೆ. ಕೋಳಿಯೂ ಠಾಣೆಗೆ, ಕೂಲಿಯವನೂ ಠಾಣೆಗೆ. ಅಂಕವನ್ನು ನಾವು ಸಮರ್ಥಿಸುವುದಿಲ್ಲ, ಅದರಲ್ಲಿ ಹಾಳಾದ ಮನೆಗಳನ್ನು ಕಂಡಿದ್ದೇವೆ. ಆದರೆ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ರಾಜ್ಯ ಸರಕಾರ 2021ರಲ್ಲಿ ನಿಷೇಧಿಸಿದಾಗ ಕಂಪನಿಗಳು ಹೈಕೋರ್ಟಿಗೆ ಹೋದವು, 2022ರ ಫೆಬ್ರವರಿ 14ರಂದು ಗೆದ್ದೂ ಬಂದವು. ರಮ್ಮಿ ಕೌಶಲದ ಆಟ, ಅದನ್ನು ನಡೆಸುವುದು ವ್ಯಾಪಾರದ ಹಕ್ಕು! ಗುಡ್ಡದವನ ಪರವಾಗಿ ಇಂಥ ವಕೀಲರು ಎಂದಾದರೂ ನಿಂತದ್ದುಂಟೇ? ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆಟ ನಿಷೇಧಿಸುವ ಮಸೂದೆ ಪಾಸು ಮಾಡಿತು. ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳಕೊಳ್ಳುತ್ತಿದ್ದರೆಂದು ಸರಕಾರವೇ ಅಂದಾಜು ಹೇಳಿತು. ಆದರೆ ಮಕ್ಕಳ ಆಟದ ಆ ಮುಚ್ಚಿದ ಪೆಟ್ಟಿಗೆಯ ಹೆಸರೇ ಆ ಕಾಯಿದೆಯಲ್ಲಿಲ್ಲ. ಬೆಲ್ಜಿಯಂ ದೇಶ ದುಡ್ಡಿನ ಪೆಟ್ಟಿಗೆಯನ್ನು ಜುಗಾರಿ ಅಂತ 2018ರಲ್ಲೇ ಹೇಳಿಯಾಗಿತ್ತು.

ಹಾಗಾದರೆ ಆಟ ಕಟ್ಟುವವನು ಉಪವಾಸ ಬೀಳಬೇಕೇ ಅಂತ ಕೇಳುವವರಿದ್ದಾರೆ. ಬೇಡ. ಅವನೂ ಕೂಲಿಯೇ. ಐಸ್‌ಲ್ಯಾಂಡಿನ ಕಂಪನಿಯೊಂದರ ಈವ್ ಆನ್‌ಲೈನ್ ಎಂಬ ಆಟ 2003ರಲ್ಲಿ ಶುರುವಾಯಿತು, ಇವತ್ತೂ ನಡೀತಾ ಉಂಟು. ಅಲ್ಲಿ ಆಟಗಾರರು ಓಟು ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸುತ್ತಾರೆ. 2011ರಲ್ಲಿ ಗೊಂಬೆಯ ಒಂದು ಕಣ್ಣಿನ ಕನ್ನಡಕಕ್ಕೆ ಕಂಪನಿ ಅರುವತ್ತು ಡಾಲರಿಗೂ ಮೇಲೆ ಬೆಲೆ ಇಟ್ಟಿತು. ಆಟಗಾರರು ಆಟದೊಳಗೇ ಗುಂಪುಗೂಡಿ ಅಲ್ಲಿನ ಸ್ಮಾರಕದ ಮೇಲೆ ಗುಂಡು ಹಾರಿಸಿದರು. ಬಂಡಾಯ! ಕಂಪನಿ ಆ ಪ್ರತಿನಿಧಿಗಳನ್ನು ವಿಮಾನದಲ್ಲಿ ಕರೆಸಿ ಮಾತಾಡಬೇಕಾಯಿತು. ಅದೇನು ಸ್ವರ್ಗವಲ್ಲ, ಅಲ್ಲೂ ದುಡ್ಡಿನದೇ ಕಾರುಬಾರು. ಆದರೆ ಜನರ ಮಾತು ಕೇಳಿಯೂ ಇಪ್ಪತ್ತು ವರ್ಷ ಮೀರಿ ಅಂಗಡಿ ನಡೆಸಬಹುದು ಅಂತ ತೋರಿಸಿದ್ದಾರಲ್ಲ.

ಈಗ ನಮ್ಮವರ ಹತ್ತಿರವೇ ಎರಡು ಮಾತು. ಸುಳ್ಯದಲ್ಲಿ 1986ರಿಂದ ಇಂಜಿನಿಯರಿಂಗ್ ಕಾಲೇಜುಂಟು, ಪುತ್ತೂರಿನಲ್ಲೂ ಉಂಟು. ನಮ್ಮ ಕಾಲನಿಗಳಿಂದ ಮೀಸಲಾತಿಯ ಸೀಟು ಹಿಡಿದು, ಸ್ಕಾಲರ್‌ಶಿಪ್ಪಿಗೆ ಅಲೆದು ಓದಿ, ಬೆಂಗಳೂರಿನ ಆಟದ ಕಂಪನಿಗಳಲ್ಲಿ ಕೂತ ಗೆಳೆಯರೇ, ಹುಡುಗರನ್ನು ಇನ್ನೂ ಹೆಚ್ಚು ಹೊತ್ತು ಹಿಡಿದಿಡುವುದು ಹೇಗೆ ಎಂಬ ಮೀಟಿಂಗಿನಲ್ಲಿ ನೀವೂ ಇರುತ್ತೀರಿ. ಪೆಟ್ಟಿಗೆ ಬೇಡ, ಬೆಲೆಯನ್ನು ರೂಪಾಯಿಯಲ್ಲೇ ಬರೆಯಿರಿ, ದುಡ್ಡಿಗೆ ಬಲ ಮಾರಬೇಡಿ ಅಂತ ಅಲ್ಲಿ ಬಾಯಿಬಿಟ್ಟು ಹೇಳಿ. ಕೆಲಸ ಹೋದೀತೆಂಬ ಹೆದರಿಕೆ ನಮಗೆ ಗೊತ್ತುಂಟು. ಹಾಗಾದರೆ ಒಳಗಿನ ಲೆಕ್ಕವನ್ನಾದರೂ ನಮಗೆ ಕನ್ನಡದಲ್ಲಿ ಬರೆದು ಕಳಿಸಿ. ಹೆಸರು ಹಾಕದೆ ಅಚ್ಚು ಮಾಡುತ್ತೇವೆ.